ಆವರಣದ ಒಳಗಿನ ಕಾಗದ

ಈವರೆಗೆ ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನಾನು ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮುಂದೆ ಹೇಳಲಿರುವ ಸಂಗತಿಯಲ್ಲಿ ನನ್ನ ಗೌರವಕ್ಕೆ ಅನುಕೂಲವಾದ ಅಂಶ ಒಂದೂ ಇಲ್ಲ. ಕಚೇರಿಯ ಭಾಷೆ ಬಿಟ್ಟರೆ ನನ್ನ ಲೇಖನಿ ಮುಂದೆ ಸಾಗದು. ಆದುದರಿಂದ ಅದರಲ್ಲೇ ಮುಂದುವರಿಯಲು ಅಪ್ಪಣೆಯಾಗಬೇಕು.

ಮೂವತ್ತರ ದಶಕದ ಕೊನೆಗೆ ನಾನು ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ವಾಸ ಅತ್ತಾವರದಲ್ಲಿ, ಸೋದರಮಾವನ ಮನೆಯಲ್ಲಿ. ಮಾವ ಕಚೇರಿಯೊಂದರಲ್ಲಿ ಹೆಡ್ ಗುಮಾಸ್ತರು. ಅವರು ಮನೆಗೆ ತರುತ್ತಿದ್ದ ಕರಡುಗಳ ಶುದ್ಧಪ್ರತಿ ಮಾಡುವುದು ನನ್ನ ಪಾಲಿನ ಕೆಲಸ. ಆ ಭಾಷೆ ನಾಲಗೆಗೂ ಅಂಟಿ, ಸದರಿ ಸಾರಿಗೆ ಉಪ್ಪು ಸಾಲದೆಂದು ನಾನು ಊಟದಲ್ಲಿ ನಿವೇದಿಸಿಕೊಳ್ಳುತ್ತೇನೆಂಬುದು ಅತ್ತೆಯವರ ಶಾಶ್ವತ ದೂರು.

ಆ ವರ್ಷ ಕಾಲೇಜಿನ ಪೂರ್ವಪರೀಕ್ಷೆಯಲ್ಲಿ ಗಣಿತಕ್ಕೆ ಬಿದ್ದುದರಿಂದ, ವಿಶ್ವವಿದ್ಯಾಲಯದ ಪರೀಕ್ಷೆಗೆ ಕಳುಹಿಸುವವರ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಸೋಮವಾರ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಸರಿಯಾಗಿ ಮಾಡಿದರೆ ಸೇರಿಸುವೆನೆಂದು ಗಣಿತದ ಮಾಸ್ಟ್ರು ಕರುಣೆ ತೋರಿದರು. ತಪ್ಪಿದರೆ ಊರಿಗೆ ಹೋಗಿ ಗದ್ದೆಗೆ ಇಳಿಯಬೇಕೆಂದು ಮಾವನ ತೀರ್ಮಾನವಾಗಿತ್ತು. ಉಳುವ ಕೋಣಗಳು ಅರ್ಜಿಗೆ ಓಗೊಡುವುದಿಲ್ಲವೆಂಬುದು ನನಗೆ ತಿಳಿದಿತ್ತು.

ನನ್ನನ್ನು ಕೆಡವಿದ ಲೆಕ್ಕ ಇದು: (3x²+1)⁵. ಎಕ್ಸ್ ಬದಲಾದಂತೆ ಇದು ಯಾವ ವೇಗದಲ್ಲಿ ಬದಲಾಗುತ್ತದೆ? ನಾನು ಮೇಲಿನ ಐದನ್ನು ಮುಂದಕ್ಕೆ ತಂದು, ಘಾತವನ್ನು ನಾಲ್ಕಕ್ಕಿಳಿಸಿ, 5(3x²+1)⁴ ಎಂದು ಬರೆದು, ಕೆಳಗೆ ಗೆರೆ ಎಳೆದು, ವಿಲೇವಾರಿಯಾಯಿತೆಂದು ತಿಳಿದಿದ್ದೆ.

ಭಾನುವಾರ ಮಾವ ಆ ಉತ್ತರಪತ್ರಿಕೆಯನ್ನು ತರಿಸಿಕೊಂಡರು. ಅವರಿಗೆ ಕಲನಶಾಸ್ತ್ರದ ಗಂಧವಿರಲಿಲ್ಲ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಆವರಣದ ಮೇಲೆ ಬೆರಳಿಟ್ಟರು. ಮನೆಯ ಮಾತು ತುಳು. ಅದನ್ನು ಕನ್ನಡದಲ್ಲಿ ದಾಖಲಿಸುತ್ತಿದ್ದೇನೆ.

"ಇದರ ಒಳಗೆ ಎಂತ ಉಂಟು?"

ಮೂರು ಎಕ್ಸ್ ವರ್ಗ, ಒಂದು, ಎಂದೆ.

"ಅದಕ್ಕೆ ಉತ್ತರ ಬರೆಯುವುದು ಯಾರು, ನಿನ್ನ ಅಜ್ಜನಾ? ಮೇಲಿನ ಕಾಗದಕ್ಕೆ ಮಾತ್ರ ಉತ್ತರ ಕೊಟ್ಟು ಲಗತ್ತನ್ನು ಬಿಟ್ಟುಬಿಟ್ಟರೆ ನನ್ನ ಕಚೇರಿಯಲ್ಲಿ ಮೆಮೋ ಬರ್ತದೆ, ಅಳಿಯ."

ನನಗೆ ಜ್ಞಾನೋದಯವಾಯಿತು. ಮಾಸ್ಟ್ರು ವರ್ಷವಿಡೀ ಹೇಳಿದ ಸರಪಣಿ ನಿಯಮ ಇದೇ ಅಲ್ಲವೇ! ಹೊರಗಿನದನ್ನು ಮುಗಿಸಿದ ಮೇಲೆ ಒಳಗಿನದನ್ನೂ ವಿಚಾರಿಸಬೇಕು. ಒಳಗಿನ 3x²+1 ರ ಬದಲಾವಣೆ 6x. ಅಂದು ನಾನು ನೆಮ್ಮದಿಯಿಂದ ನಿದ್ರಿಸಿದೆನೆಂಬುದನ್ನು ಖೇದಪೂರ್ವಕ ತಿಳಿಸುತ್ತೇನೆ.

ಸೋಮವಾರ ಹಲಗೆಯ ಮೇಲೆ ಅದೇ ಲೆಕ್ಕ. ನಾನು ದುಂಡಾದ ಅಕ್ಷರಗಳಲ್ಲಿ 5(3x²+1)⁴ + 6x ಎಂದು ಬರೆದು, ಪಕ್ಕಕ್ಕೆ ಸರಿದು, ಕೈಕಟ್ಟಿ ನಿಂತೆ.

"ಈ ಪ್ಲಸ್ ಎಲ್ಲಿಂದ ಬಂತು?" ಎಂದರು ಮಾಸ್ಟ್ರು.

"ಲಗತ್ತಿನ ಉತ್ತರವನ್ನು ಜೊತೆಗೆ ಸೇರಿಸಿದ್ದೇನೆ, ಸರ್."

ಹಿಂದಿನ ಬೆಂಚಿನವರ ನಗುವನ್ನು ಇಲ್ಲಿ ವಿವರಿಸುವ ಅಗತ್ಯ ಕಾಣುವುದಿಲ್ಲ. ಮಾಸ್ಟ್ರು ನಗಲಿಲ್ಲ. ಪಟ್ಟಿಯ ಹಾಳೆಯನ್ನು ಮಡಚಿದರು. ನನಗೆ ಕೋಣಗಳ ಕೊರಳಿನ ಗಂಟೆ ಕೇಳಿಸಿತು. ಆದರೆ ಅವರು ಹಾಳೆಯನ್ನು ಜೇಬಿಗೆ ಹಾಕದೆ, ಕಿಟಕಿಯಾಚೆ ಒರಗಿಸಿದ್ದ ತಮ್ಮ ಸೈಕಲ್ಲನ್ನು ತೋರಿಸಿದರು.

"ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ ಮೂರು ಸುತ್ತು. ಚಕ್ರ ಒಂದು ಸುತ್ತಿಗೆ ಏಳು ಅಡಿ ಹೋಗ್ತದೆ. ಪೆಡಲ್ ಒಂದು ಸುತ್ತಿಗೆ ಎಷ್ಟು ಅಡಿ?"

"ಇಪ್ಪತ್ತೊಂದು."

"ಹತ್ತು ಅಲ್ಲವಾ? ಮೂರನ್ನು ಏಳಕ್ಕೆ ಸೇರಿಸಲಿಲ್ಲ ಎಂತಕೆ, ಮಾರಾಯ?"

ನಾನು ಹಲಗೆಯತ್ತ ನೋಡಿದೆ. ಎಕ್ಸ್ ಪೆಡಲು, ಆವರಣದ ಒಳಗಿನದು ಚಕ್ರ, ಐದನೆಯ ಘಾತ ರಸ್ತೆ. ಒಂದು ಇನ್ನೊಂದನ್ನು ಎಳೆಯುತ್ತದೆಯೇ ಹೊರತು ಪಕ್ಕದಲ್ಲಿ ಕೂತು ಜೊತೆ ಕೊಡುವುದಿಲ್ಲ. ಪ್ಲಸ್ಸನ್ನು ಅಂಗೈಯಿಂದ ಒರೆಸಿ ಗುಣಿಸಿದೆ: 30x(3x²+1)⁴. ಮಾಸ್ಟ್ರು ಮಡಚಿದ ಹಾಳೆಯನ್ನು ಬಿಡಿಸಿ ಕೊನೆಯಲ್ಲಿ ನನ್ನ ಹೆಸರು ಬರೆದರು, ಸ್ವಲ್ಪ ಓರೆಯಾಗಿ.

ಸಂಜೆ ಮಾವ ಬೆಲ್ಲದ ಕಾಫಿ ಮಾಡಿಸಿ, ಅಳಿಯನಿಗೆ ಗಣಿತ ಹೇಳಿಕೊಟ್ಟವನು ತಾನೆಂದು ನೆರೆಮನೆಯವರಿಗೆ ವರದಿ ಒಪ್ಪಿಸಿದರು. ಮುಂದೆ ಎಷ್ಟೋ ಮದುವೆಮನೆಗಳಲ್ಲಿಯೂ ಒಪ್ಪಿಸಿದರು. ಪ್ಲಸ್ಸಿನ ವಿಚಾರವನ್ನು ಅವರು ತೀರಿಕೊಳ್ಳುವವರೆಗೂ ನಾನು ಅವರ ಗಮನಕ್ಕೆ ತರಲಿಲ್ಲ.