ಒಂದೇ ಗುಂಡಿಗೆ ನಾಲ್ಕನೇ ಸಸಿ

ಹದಿನಾರನೇ ವಯಸ್ಸಿಗೆ ಸರ್ಕಾರಿ ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಸೇರಿದವಳು ಅವಳು. ಆ ನರ್ಸರಿ ಮುಚ್ಚಿದ ಮೇಲೆ ಮನೆಯ ಹಿತ್ತಲಲ್ಲೇ ತನ್ನದೊಂದು ಮಾಡಿಕೊಂಡಳು. ಯಾವ ಬೀಜವನ್ನು ಬಿಸಿನೀರಲ್ಲಿ ನೆನೆಹಾಕಬೇಕು, ಯಾವುದರ ಸಿಪ್ಪೆಯನ್ನು ಕಲ್ಲಿಗೆ ಉಜ್ಜಬೇಕು, ಎಲ್ಲ ಬಾಯಿಪಾಠ. ಊರವರಿಗೆ ಅವಳು ಸಸಿಯಕ್ಕ. ಬಸ್ ಮೆಕ್ಯಾನಿಕ್ ಆಗಿದ್ದ ಗಂಡ, “ನನಗಿಂತ ಸಸಿಗಳ ಹತ್ರಾನೇ ಜಾಸ್ತಿ ಮಾತಾಡ್ತೀಯ” ಎಂದು ಛೇಡಿಸಿದರೆ, “ಅವು ಎದುರು ಮಾತಾಡಲ್ವಲ್ಲ” ಎನ್ನುತ್ತಿದ್ದಳು.

ಟೂರ್ ಮ್ಯಾನೇಜರ್ ಅವಳ ಅಂಗಳಕ್ಕೆ ಮೊದಲು ಕಾಲಿಟ್ಟಾಗ ಅವಳಿಗೆ ಖುಷಿಯೇ ಆಗಿತ್ತು. ಹೊರದೇಶದ ಶಾಲೆಗಳ ಮಕ್ಕಳನ್ನು ವಿಮಾನದಲ್ಲಿ ಕರೆತಂದು, ಭೂಮಿಯನ್ನು ಉಳಿಸುವುದು ಹೇಗೆಂದು ಕಲಿಸುವುದು ಅವನ ಕಸುಬು. ಪ್ರತಿ ಮಗುವೂ ಒಂದು ಸಸಿ ನೆಡಬೇಕು, ಪಕ್ಕದಲ್ಲಿ ಮಗುವಿನ ಹೆಸರಿನ ತಗಡಿನ ಫಲಕ ಇರಬೇಕು. ಸಸಿ ಇವಳದು, ಜಾಗ ಅವನು ತೋರಿಸಿದ್ದು.

ಜಾಗ ನೋಡಿ ಅವಳ ಖುಷಿ ಇಳಿಯಿತು. ರಸ್ತೆ ಬದಿಯ ಜಲ್ಲಿಕಲ್ಲಿನ ದಿಬ್ಬ. ಅದೂ ನೆತ್ತಿ ಸುಡುವ ಬೇಸಿಗೆಯಲ್ಲಿ.

“ಇಲ್ಲಿ ಒಂದೂ ಉಳಿಯಲ್ಲ ಸಾರ್. ಮಳೆ ಹಿಡಿದ ಮೇಲೆ ಹಳ್ಳದ ಆಚೆ ನೆಡೋಣ.”

“ಅಕ್ಕಾ, ಅವರಿಗೆ ರಜೆ ಇರೋದೇ ಈಗ. ಬಸ್ಸು ನಿಲ್ಲೋದೂ ಇಲ್ಲೇ. ನೀರಿನ ಟ್ಯಾಂಕರ್ ಕಳಿಸ್ತೀನಿ ಬಿಡಿ.”

ಟ್ಯಾಂಕರ್ ಬರಲಿಲ್ಲ. ಮರುವರ್ಷ ಇನ್ನೊಂದು ತಂಡ ಬಂತು. ಹೊಸ ಗುಂಡಿ ತೋಡುವ ಕಷ್ಟವೇ ಇರಲಿಲ್ಲ, ಒಣಗಿದ ಕಡ್ಡಿ ಕಿತ್ತರೆ ಗುಂಡಿ ಸಿದ್ಧ. ಫಲಕವೂ ಹಳೆಯದೇ. ಹಳೇ ಹೆಸರಿನ ಮೇಲೆ ಹೊಸ ಹೆಸರಿನ ಸ್ಟಿಕರ್. ಮೂರು ವರ್ಷ ಇದನ್ನು ಕಂಡೂ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅವಳೊಳಗೆ ಕುದಿಯುತ್ತಿದ್ದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೆಯೇ. ಮಾರಾಟವಾಗದೆ ಉಳಿದ ಸಸಿಗಳನ್ನು ಮಳೆಗಾಲದಲ್ಲಿ ತಲೆಯ ಮೇಲೆ ಹೊತ್ತು ಹಳ್ಳದಾಚೆ ನೆಟ್ಟು ಬರುವಾಗ ಮಾತ್ರ ಆ ಉರಿ ಸ್ವಲ್ಪ ತಣ್ಣಗಾಗುತ್ತಿತ್ತು.

ನಾಲ್ಕನೇ ವರ್ಷ ಬಂದ ಮಕ್ಕಳ ಅಂಗಿಯ ಬೆನ್ನಿನ ಮೇಲೆ ಭೂಗೋಳದ ಚಿತ್ರವಿತ್ತು. ಬಸ್ಸು ಎ.ಸಿ. ಆರಬಾರದೆಂದು ಎಂಜಿನ್ ಆರಿಸದೆಯೇ ನಿಂತಿತ್ತು. ಹನ್ನೆರಡು-ಹದಿಮೂರರ ಹುಡುಗಿಯೊಬ್ಬಳು ಸಸಿ ಇಡಲು ಬಗ್ಗಿದವಳು, ಗುಂಡಿಯಲ್ಲಿದ್ದ ಒಣಕಡ್ಡಿಯನ್ನು ಎತ್ತಿಹಿಡಿದು ಮ್ಯಾನೇಜರನನ್ನು ಏನೋ ಕೇಳಿದಳು. ಅವನು ನಗುತ್ತಾ ಏನೋ ಹೇಳಿದ.

“ಏನಂತೆ?” ಎಂದಳು ಸಸಿಯಕ್ಕ.

“ಅದೇನು ಅಂತ ಕೇಳಿದ್ಲು. ಬೇಲಿ ಕಡ್ಡಿ ಅಂದೆ.”

“ಬೇಲಿ ಕಡ್ಡಿನಾ?” ಅವಳ ಮೈಯೆಲ್ಲ ಉರಿದುಹೋಯಿತು. “ವರ್ಷಪೂರ್ತಿ ನೀರು ಹಾಕಿ ಬೆಳೆಸಿದ ನನ್ನ ಸಸಿ ಕಣಯ್ಯಾ ಅದು! ಬೇಲಿ ಕಡ್ಡಿ ಅನ್ನೋಕೆ ನಾಲಿಗೆ ಹೇಗೆ ಹೊರಳ್ತು ನಿನಗೆ?”

“ಅಕ್ಕಾ, ಮೆಲ್ಲಗೆ...”

“ಮೆಲ್ಲಗೆ ಇದ್ದು ಇದ್ದೇ ಮೂರು ವರ್ಷ ಆಯ್ತು!”

ಅವಳು ಆ ಗುಂಡಿಯ ಫಲಕವನ್ನು ಕಿತ್ತುಕೊಂಡು ಸ್ಟಿಕರಿನ ಅಂಚಿಗೆ ಉಗುರು ಹಾಕಿದಳು. ಮೇಲಿನ ಹೆಸರು ಸುರುಳಿಯಾಗಿ ಎದ್ದು ಬಂತು. ಕೆಳಗೆ ಇನ್ನೊಂದು ಹೆಸರು. ಹುಡುಗಿ ಅದನ್ನು ಓದಿದಳು, ಮತ್ತೆ ಓದಿದಳು. ಮುಖ ಬಿಳಿಚಿಕೊಂಡಿತು. ಓಡಿಹೋಗಿ ಟೀಚರ್ ಕೈ ಹಿಡಿದು ಎಳೆದು ತಂದಳು.

“ಅಯ್ಯೋ, ಎಲ್ಲ ಹಾಳು ಮಾಡಿದ್ರಿ,” ಎಂದು ಮ್ಯಾನೇಜರ್ ಹಲ್ಲು ಕಚ್ಚಿದ. “ಹೋದ ವರ್ಷ ಬಂದಿದ್ದ ಅವಳ ಅಣ್ಣನ ಹೆಸರು ಅದು.”

ಟೀಚರ್ ಫೋನು ತೆಗೆದು ಸಸಿಯಕ್ಕನ ಮುಂದೆ ಹಿಡಿದಳು. ಅದರಲ್ಲೊಂದು ಮರದ ಫೋಟೋ. ನಿಮ್ಮ ಮಕ್ಕಳ ಸಸಿ ಹೀಗೆ ಬೆಳೆದಿದೆ ಎಂದು ತನ್ನ ಕಂಪನಿಯೇ ಶಾಲೆಗೆ ಕಳಿಸಿದ್ದು ಎಂದು ಮ್ಯಾನೇಜರ್ ಗೊಣಗಿದ. ನೋಡಿದರೆ ಸಸಿಯಕ್ಕನ ಮನೆಯ ನಲ್ಲಿಯ ಪಕ್ಕದ ಮರ! ಅವಳ ಮದುವೆಯ ವರ್ಷ ನೆಟ್ಟಿದ್ದು.

ಅವಳು ಫೋಟೋದ ಮರವನ್ನು ಮುಟ್ಟಿ ತನ್ನತ್ತ ಬೆರಳು ತೋರಿಸಿಕೊಂಡಳು, ಎರಡು ಸಲ ಹತ್ತು ಬೆರಳು ಬಿಡಿಸಿದಳು. ಇಪ್ಪತ್ತು ವರ್ಷ. ಟೀಚರಿಗೆ ಅನುವಾದ ಬೇಕಾಗಲಿಲ್ಲ. ಆಮೇಲೆ ಸಸಿಯಕ್ಕ ಬನ್ನಿ ಎಂದು ಕೈ ಬೀಸಿ ಹಳ್ಳದ ಕಡೆ ನಡೆದೇಬಿಟ್ಟಳು. ಮ್ಯಾನೇಜರ್ ಎಷ್ಟು ಕೂಗಿದರೂ ಕೇಳದೆ ಟೀಚರೂ ಮಕ್ಕಳೂ ಹಿಂದೆ ಹೊರಟರು. ಮುಳ್ಳಿನಿಂದ ತರಚಿಸಿಕೊಂಡು, ಏದುಸಿರು ಬಿಟ್ಟುಕೊಂಡು ಮುಕ್ಕಾಲು ಗಂಟೆ ನಡೆದರು. ಅಲ್ಲಿ ಆಳೆತ್ತರದ ಗಿಡಗಳು, ನೆರಳು, ಹಕ್ಕಿ ಕಚ್ಚಿ ಬೀಳಿಸಿದ ಹಣ್ಣು. ಒಂದು ಗಿಡಕ್ಕೂ ಹೆಸರಿನ ಫಲಕವಿಲ್ಲ. ಹುಡುಗಿ ಒಂದು ಗಿಡದ ಬುಡದಲ್ಲಿ ಕೂತು ಅತ್ತಳು. ಸಸಿಯಕ್ಕ ಸಮಾಧಾನ ಮಾಡಲಿಲ್ಲ. ಈ ಮಗು ಅಳುವುದು ಸರಿಯೇ, ಯಾರಾದರೂ ಅಳಲೇಬೇಕಿತ್ತು ಎನ್ನಿಸಿತು.

ಕಂಪನಿ ಅವಳಿಂದ ಸಸಿ ಕೊಳ್ಳುವುದನ್ನು ನಿಲ್ಲಿಸಿತು. “ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?” ಎಂದ ಗಂಡ. ಆದರೆ ಮಳೆ ಹಿಡಿದಾಗ ಅವರಿಗಾಗಿ ಬೆಳೆಸಿದ್ದ ಸಸಿಗಳನ್ನು ಹಳ್ಳದಾಚೆ ಹೊತ್ತು ಹಾಕಿದವನೂ ಅವನೇ.

ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಮ್ಯಾನೇಜರ್ ಮತ್ತೆ ಬಂದ. ಮುಖದಲ್ಲಿ ಹಳೇ ನಗು.

“ಅಕ್ಕಾ, ಆ ಶಾಲೆಯವರಿಗೆ ನಿಮ್ಮ ಹಳ್ಳದ ಕಾಡು ಹಿಡಿಸಿಬಿಟ್ಟಿದೆ. ಅದನ್ನೇ ತೋರಿಸೋದಾದ್ರೆ ಮತ್ತೆ ಬರ್ತಾರಂತೆ.”

“ಬರಲಿ. ನಡ್ಕೊಂಡು ಬರಲಿ.”

“ಅಷ್ಟು ದೂರ ಎಲ್ಲಾ ಶಾಲೆ ಮಕ್ಕಳೂ ನಡೀತಾರಾ? ಬಸ್ಸು ಹೋಗೋಕೆ ಒಂದು ದಾರಿ ಮಾಡಿದ್ರೆ ಆಯ್ತು. ಜಾಸ್ತಿ ಏನಿಲ್ಲ, ಮುಂದಿನ ಎರಡು ಸಾಲು ಗಿಡ ತೆಗೆಸಿದ್ರೆ...”

ಸಸಿಗಳಿಗೆ ನೀರು ಬಿಡುತ್ತಿದ್ದ ಪೈಪು ಅವಳ ಕೈಯಲ್ಲೇ ಇತ್ತು. ಅದರ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ ನೇರ ಅವನ ಮುಖಕ್ಕೆ ಹಿಡಿದಳು. ಅವನು ಫೈಲನ್ನು ತಲೆಗೆ ಅಡ್ಡ ಹಿಡಿದು ಹಿಂದೆ ಹಿಂದೆ ಸರಿದ, ಕೆಸರಲ್ಲಿ ಜಾರಿದ, ಎದ್ದ, ಗೇಟು ದಾಟಿ ಓಡಿದ. ಒಳಗಿಂದ ಓಡಿಬಂದ ಗಂಡ “ಏನಾಯ್ತೇ?” ಎಂದು ಕೇಳಿದಾಗಲೂ ಅವಳು ಪೈಪು ಇಳಿಸಿರಲಿಲ್ಲ.

“ಗೇಟು ಹಾಕಿ,” ಎಂದಳು.