ಮೈಕಿನಣ್ಣ

ಈಗ ಚುನಾವಣೆಗೆ ರೆಕಾರ್ಡ್ ಮಾಡಿದ ಸ್ವರ ಜೀಪಿನಲ್ಲಿ ಬರುತ್ತದೆ. ಆಗ ಮೈಕಿನಣ್ಣ ಬರುತ್ತಿದ್ದರು. ಸುಳ್ಯದಲ್ಲಿ ನಾನು ಅಣಕಿಸದ ಸ್ವರವಿಲ್ಲ, ನನ್ನದೇ ಮೂಗಿನ ಸ್ವರವನ್ನು ಅಣಕಿಸಿಯೂ ಚಹಾ ಗಿಟ್ಟಿಸಿದ್ದೇನೆ. ಸೋತದ್ದು ಮೈಕಿನಣ್ಣನ ಸ್ವರದೆದುರು ಮಾತ್ರ. ಸಂಪಾಜೆಯಿಂದ ಅಜ್ಜಾವರದವರೆಗೆ ಚುನಾವಣೆಗೆ ನಿಂತ ನಾಯಕರ ಹೆಸರು ಕೂಗಿ ಕೂಗಿ ಗಂಟಲು ಒಡೆದರೆ, ಕಲ್ಲುಸಕ್ಕರೆ ಬಾಯಿಗೆ ಹಾಕಿ, "ನಮ್ಮವರು ಗೆಲ್ಲಲಿ, ಸ್ವರ ಮತ್ತೆ ಬರ್ತದೆ" ಎನ್ನುತ್ತಿದ್ದರು.

ನಾಯಕರು ಗೆದ್ದರು. ವಿಜಯೋತ್ಸವದಲ್ಲಿ ಪೆಂಡಾಲಿನವರು, ಅಡುಗೆಯವರು, ಎಲ್ಲರ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದರು. ಮೈಕಿನಣ್ಣ ಹೊಸ ಅಂಗಿ ಹಾಕಿ ಎದುರಿನ ಸಾಲಿನಲ್ಲೇ ಕೂತಿದ್ದರು. ಅವರ ಹೆಸರು ಬರಲಿಲ್ಲ.

ಮರುದಿನ ಹೋಟೆಲಿನಲ್ಲಿ ಅವರು ಸುಮ್ಮನೆ ಕೂತದ್ದನ್ನು ನೋಡಲಾಗದೆ, ನಾನು ಎದ್ದು ನಾಯಕರ ಹಾಗೆ ಶಾಲು ಸರಿಮಾಡಿ, ನಾಯಕರದೇ ಸ್ವರದಲ್ಲಿ ಹೇಳಿದೆ: "ಬಂಧುಗಳೇ, ಈ ಗೆಲುವು ನಮ್ಮ ಮೈಕಿನಣ್ಣನದ್ದು."

ಎಲ್ಲರೂ ನಕ್ಕರು. ಅವರು ನಗಲಿಲ್ಲ.

"ಇನ್ನೊಮ್ಮೆ ಹೇಳು ಮಾರಾಯ."

ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು:

"ಚೆಂದ ಉಂಟು. ಆದ್ರೆ ನಮ್ಮ ನಾಯಕರ ಎದುರು ಮಾಡ್ಬೇಡ, ಆಯ್ತಾ? ನನ್ನ ಹೆಸರು ಮರೆತದ್ದು ಗೊತ್ತಾದ್ರೆ ಪಾಪ, ಅವರಿಗೆ ಬೇಜಾರಾಗ್ತದೆ."