ಯಾತರ ಬ್ಯಾಸರ?

ಬಿಳಿ ಸಮವಸ್ತ್ರದ ಗಿಡ್ಡ ತೋಳಿನ ಕೆಳಗೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರು ಹಚ್ಚೆ. ರಾಯಚೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಿಸ್ಟರನ್ನು ಮೊದಲು ಕಂಡಾಗ ನನ್ನ ಕಣ್ಣು ಅಲ್ಲೇ ನಿಂತಿತ್ತು. ಅವರು ದೇವದುರ್ಗದ ಕೂಲಿಕಾರರ ಮನೆಯ ಮಗಳು. ಚಿಕ್ಕವರಿದ್ದಾಗ ಅವ್ವ ಹಾಕಿಸಿದ್ದಂತೆ. ಸೂಜಿಗೆ ಹೆದರಿ ಅಳುವ ಮಕ್ಕಳಿಗೆ ಅದನ್ನೇ ತೋರಿಸಿ, "ನನಗ ಎಷ್ಟು ಚುಚ್ಚ್ಯಾರ ಎಣಸು ನೋಡೂಣು" ಎನ್ನುತ್ತಿದ್ದರು. ಮಗು ಎಣಿಸುವುದರೊಳಗೆ ಇಂಜೆಕ್ಷನ್ ಮುಗಿದಿರುತ್ತಿತ್ತು.

ನಾನು ಮಾನ್ವಿಯಲ್ಲಿ ಕನ್ನಡ ಮಾಸ್ತರ. ಕಂಡವರ ಮಾತು ತಿದ್ದುವ ಚಟ ನನ್ನದು. ಒಂಬತ್ತನೇ ತರಗತಿಯಲ್ಲಿದ್ದ ಮಗಳು ಎರಡು ತಿಂಗಳಿಂದ, "ಅಪ್ಪಾ, ಬ್ಯಾಸರ ಆಗ್ಯಾದ" ಎನ್ನುತ್ತಿದ್ದಳು. ಕರೆಂಟು ಹೋದರೂ ಬ್ಯಾಸರ, ಬಸ್ಸು ತಡವಾದರೂ ಬ್ಯಾಸರ ಎನ್ನುವ ಊರು ನಮ್ಮದು. "ಬ್ಯಾಸರ ಅಲ್ಲವ್ವಾ, ಬೇಸರ ಅನ್ನು" ಎಂದು ತಿದ್ದಿ ಪೇಪರು ಓದುತ್ತಾ ಕೂರುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅವಳಿಗೆ ಉಸಿರು ಸಿಗದಾಯಿತು. ಕೈಕಾಲು ತಣ್ಣಗೆ, ಎದೆ ಡವಡವ. ಕಾರು ಮಾಡಿಕೊಂಡು ರಾಯಚೂರಿಗೆ ಓಡಿದೆವು. ಇಸಿಜಿ ತೆಗೆದು, ಹೃದಯ ಚೆನ್ನಾಗಿದೆ ಎಂದರು ಡಾಕ್ಟರು. ನನಗೆ ಹೋದ ಜೀವ ಬಂದಂತಾಯಿತು. "ಏನೂ ಇಲ್ಲಂತ, ನಡಿ ಮನಿಗಿ" ಎಂದು ಮಗಳನ್ನು ಎಬ್ಬಿಸಿದೆ.

"ಅಪ್ಪಾ, ಬ್ಯಾಸರ..." ಎಂದಳು.

"ಬೇಸರ" ಎಂದೆ. ಆಗಲೂ ತಿದ್ದಿದೆ ನೋಡಿ!

ಸಿಸ್ಟರ್ ನನ್ನೆದುರಿಗೇ ಬಂದು ನಿಂತರು. "ಮಾಸ್ತರ್ರೀ, ಆಕಿ ಸರಿಯಾಗೇ ಹೇಳ್ಯಾಳ. ನೀವು ಕೇಳೂದ್ರಾಗ ತಪ್ಪೀರಿ." ಆಮೇಲೆ ಮಗಳ ಪಕ್ಕ ಕುಳಿತು ಕೇಳಿದರು: "ಯಾತರ ಬ್ಯಾಸರ ಯವ್ವಾ? ಊಟದ್ದೇನು, ಸಾಲಿದ್ದೇನು, ಜೀವದ್ದೇನು?"

"ಜೀವದ್ದು" ಎಂದಳು ಮಗಳು.

ಇಪ್ಪತ್ತು ವರ್ಷ ಮಂದಿ ಮಕ್ಕಳಿಗೆ ಪದಗಳ ಅರ್ಥ ಹೇಳಿದ ನನಗೆ ಸ್ವಂತ ಮಗಳ ಒಂದು ಪದ ತಿಳಿದಿರಲಿಲ್ಲ. ಸಿಸ್ಟರ್ ಗಾಬರಿಯಾಗಲಿಲ್ಲ. "ಹೇಳಿದ್ದು ಚೊಲೋ ಆತು" ಎಂದು ಅವಳ ಕೈ ಹಿಡಿದುಕೊಂಡೇ ಮನೋವೈದ್ಯರನ್ನು ಕರೆಸಿದರು. ಅವರು ಬರುವವರೆಗೂ ಆ ಕೈ ಬಿಡಲಿಲ್ಲ.

ಮುಖ ಮುಚ್ಚಿಕೊಂಡು ಕುಳಿತಿದ್ದ ನನಗೂ ಒಂದು ಮಾತು ಹೇಳಿದರು: "ಮನಸಿನ ಡಾಕ್ಟರ್ ಬೋರ್ಡಿನ ಮುಂದ ನಿಲ್ಲಾಕ ಮಂದಿ ನಾಚ್ತಾರ್ರೀ. ಕೆಲವ್ರಿಗೆ ಎಲ್ಲಿ ಹೋಗಬೇಕಂತ ಗೊತ್ತೇ ಇಲ್ಲ. ಕಡೀಕ ಎದಿನೋವು, ಹೊಟ್ಟಿನೋವು ಅಂತ ಇಲ್ಲಿಗಿ ಓಡಿ ಬರ್ತಾರ. ಬರ್ಲಿ. ನೀವೂ ಬಂದೀರಲ್ಲ, ಅದು ಸಣ್ಣ ಮಾತಲ್ಲ."

ಮಗಳು ಚೇತರಿಸಿಕೊಳ್ಳಲು ವರ್ಷವೇ ಹಿಡಿಯಿತು. ಊರಿಗೆಲ್ಲ ನಾನು ಟೈಫಾಯಿಡ್ ಎಂದು ಹೇಳಿಕೊಂಡು ತಿರುಗಿದೆ.

ಮೊನ್ನೆ ಸಿಸ್ಟರ್ ನಿವೃತ್ತರಾದರು. ದೇವದುರ್ಗದ ಮನೆಗೆ ನಮ್ಮನ್ನೂ ಊಟಕ್ಕೆ ಕರೆದಿದ್ದರು. ಪಂಕ್ತಿಯಲ್ಲಿ ಅವರ ಅಣ್ಣ, "ನಮ್ಮ ತಂಗಿ ನಿಮಗ ಹ್ಯಾಂಗ ಪರಿಚಯರೀ?" ಎಂದು ಕೇಳಿದರು. ಟೈಫಾಯಿಡ್ ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅಷ್ಟರಲ್ಲಿ ಮಗಳು ತುತ್ತು ನುಂಗಿ, "ನನಗ ಬದುಕೂದ ಬ್ಯಾಡ ಅನಸಾಕತ್ತಿತ್ತರೀ. ಇವ್ರು ಕೇಳಿದ್ರು, ನಾ ಹೇಳಿದೆ" ಎಂದಳು. ಬಡಿಸುತ್ತಿದ್ದ ಸಿಸ್ಟರ್ ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಇಬ್ಬರನ್ನೂ ನೋಡಿ ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು.

ಮರುದಿನ ಮಗಳ ಒಪ್ಪಿಗೆ ಪಡೆದು ಶಾಲೆಯ ಸ್ಟಾಫ್ ರೂಮಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಸಂಜೆ ಗಣಿತದ ಮಾಸ್ತರು ಗೇಟಿನ ಹತ್ತಿರ ನನಗಾಗಿ ಕಾದು ನಿಂತಿದ್ದರು. "ಸರ್, ನಮ್ಮ ಸಣ್ಣಾಕಿದೂ ಹಂಗೇ ಅದರೀ. ನಾಳಿ ರಾಯಚೂರಿಗೆ ನಮ್ಮ ಜೋಡಿ ಬರ್ತೀರೇನು?"